ಒಳಕೋಣೆಯ ಆಪಾ

ಆಪಾ ಯಾರಿಗೂ ‘ಸ್ವಲ್ಪ ನಗ್ರಿ’ ಎಂದದ್ದನ್ನು ನಾನು ಕೇಳಿಲ್ಲ. ಕ್ಯಾಮೆರಾದ ಮುಂದೆ ಸ್ಟೂಲಿನ ಮೇಲೆ ಕೂತ ಹೆಣ್ಣುಮಗಳು ಮೈ ಬಿಗಿಹಿಡಿದು, ಉಸಿರು ಕಟ್ಟಿ, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವಳ ಹಾಗೆ ನೋಡುತ್ತಿದ್ದರೆ, ಆಪಾ ತಮ್ಮ ಹಳೆಯ ಪೆಟ್ಟಿಗೆ ಕ್ಯಾಮೆರಾದ ಮೇಲೆ ಬಗ್ಗಿ, ಅದರ ಗಾಜಿನಲ್ಲಿ ಕಣ್ಣಿಟ್ಟುಕೊಂಡೇ ಅಡುಗೆಯ ಮಾತು ತೆಗೆಯುತ್ತಿದ್ದರು.

“ಇವತ್ತ ಮನ್ಯಾಗ ಏನ್ ಪಲ್ಯಾ ಮಾಡೀರಿ?”

ಬಂದವಳಿಗೆ ಆಶ್ಚರ್ಯ. ಫೋಟೋ ತೆಗೆಸಲು ಬಂದವಳಿಗೆ ಪಲ್ಯದ ಮಾತೇಕೆ? “ಪುಂಡಿ ಪಲ್ಯಾರಿ” ಎನ್ನುವಳು. ಒಲೆಯ ಮೇಲೆ ಬಿಟ್ಟು ಬಂದದ್ದು ನೆನಪಾಗುವುದು, ಅತ್ತೆ ಅದರಲ್ಲಿ ಉಪ್ಪು ಜಾಸ್ತಿ ಎಂದದ್ದೂ ನೆನಪಾಗುವುದು. ಆ ನೆನಪಿನಲ್ಲಿ ಬಿಗಿದ ಹೆಗಲು ಇಳಿದು, ಮುಖ ಅವಳ ಮುಖವಾಗುವುದು. ಅಷ್ಟರಲ್ಲಿ ಟಿಕ್ ಎಂದು ಸಣ್ಣ ಸದ್ದು. “ಆತು, ಏಳ್ರಿ” ಎನ್ನುವರು ಆಪಾ. “ಅಯ್ಯ, ಆತೇನ್ರಿ?” ಎಂದು ಅವಳು ನಕ್ಕೇ ಬಿಡುವಳು. ಆ ನಗುವನ್ನು ಆಪಾ ತೆಗೆಯುತ್ತಿರಲಿಲ್ಲ. ಅದು ಅವಳು ಮನೆಗೆ ಒಯ್ಯಬೇಕಾದದ್ದು ಎನ್ನುತ್ತಿದ್ದರು.

ಹೋದ ತಿಂಗಳು ಆಪಾ ತೀರಿಕೊಂಡರು. ಸುದ್ದಿ ಬಂದಾಗ ನಾನು ಬಸವಕಲ್ಯಾಣದ ನನ್ನ ತರಗತಿಯಲ್ಲಿದ್ದೆ. ವರ್ಷಕ್ಕೆ ಹತ್ತು ಹನ್ನೆರಡು ಹುಡುಗ ಹುಡುಗಿಯರಿಗೆ ಫೋಟೋಗ್ರಫಿ ಕಲಿಸುತ್ತೇನೆ. ಅವರಿಂದ ವರ್ಷದ ಕೊನೆಗೆ ಒಂದು ಪುಟ ಬರೆಸುತ್ತೇನೆ: ಇದುವರೆಗೆ ಏನು ತೆಗೆದಿರಿ, ಯಾರಿಂದ ಕಲಿತಿರಿ, ಮುಂದೆ ಎಂಥ ಚಿತ್ರ ತೆಗೆಯುವ ಆಸೆ. ಅವತ್ತು ಆ ಪುಟಗಳನ್ನು ಓದುತ್ತಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: ‘ಗೋಡೆಯ ಮೇಲಿರುವ ನಮ್ಮ ಮೇಡಂ ಅವರ ‘ಸೌಭಾಗ್ಯ’ ಚಿತ್ರ ನೋಡಿದ ಮೇಲೆ ನನಗೆ ಕ್ಯಾಮೆರಾ ಹಿಡಿಯಬೇಕು ಅನ್ನಿಸಿತು. ಅಂಥದೊಂದು ಚಿತ್ರ ತೆಗೆಯುವುದೇ ನನ್ನ ಗುರಿ.’ ಹುಮನಾಬಾದಿನಿಂದ ಪರಿಚಯದ ಕಲರ್ ಲ್ಯಾಬಿನವರು ಫೋನು ಮಾಡಿದ್ದು ಆಗಲೇ. ನಾನು ಫೋನು ಇಟ್ಟು ಆ ಹುಡುಗಿಯ ಪುಟವನ್ನು ಮತ್ತೊಮ್ಮೆ ಓದಿದೆ.

ಆ ಚಿತ್ರ ನಾನು ತೆಗೆದದ್ದಲ್ಲ. ಆಪಾ ತೆಗೆದದ್ದು. ಇಷ್ಟು ವರ್ಷಗಳಲ್ಲಿ ಈ ಮಾತನ್ನು ನಾನು ಎಲ್ಲೂ ಬರೆದಿಲ್ಲ, ಯಾವ ತರಗತಿಯಲ್ಲೂ ಹೇಳಿಲ್ಲ.

ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಆ ಹೆಸರಿನ ಮೇಲೆ ನಾನು ಹೊರಿಸಿದ್ದು ಸಾಕಷ್ಟಾಗಿದೆ. ಹಿಂದೂ ಮುಸ್ಲಿಂ ಎನ್ನದೆ ಆ ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ನನಗೂ ಆಪಾ.

*

ಹುಮನಾಬಾದಿನ ಬಸ್‌ಸ್ಟ್ಯಾಂಡಿನಿಂದ ಊರೊಳಗೆ ಹೋಗುವ ಒಂದು ಓಣಿಯಲ್ಲಿ ಅವರ ಸ್ಟುಡಿಯೋ ಇತ್ತು. ಅವರ ಅಪ್ಪ ಹಾಕಿದ್ದು. ಆಪಾ ಹನ್ನೆರಡನೆಯ ವಯಸ್ಸಿಗೇ ಅಪ್ಪನ ಪಕ್ಕ ಕೂತು, ಚೂಪು ಮಾಡಿದ ಪೆನ್ಸಿಲ್ಲಿನಿಂದ ನೆಗೆಟಿವ್‌ನ ಮೇಲೆ ಮೊಡವೆ, ಸಿಡುಬಿನ ಕಲೆ ಮುಚ್ಚುವ ಕೆಲಸ ಕಲಿತಿದ್ದರಂತೆ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ, “ಬಾಗಿಲಾ ಹಾಕಬ್ಯಾಡ” ಎಂದರಂತೆ ಅವರು. ಮಗಳು ಕ್ಯಾಮೆರಾದ ಹಿಂದೆ ಬಂದು ನಿಂತರು. ಮದುವೆ ಆಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಂಗಿಯ ಮನೆಯಲ್ಲಿ ಇರುತ್ತಿದ್ದರು.

ಸ್ಟುಡಿಯೋಕ್ಕೆ ಎರಡು ಕೋಣೆ. ಹೊರಗಿನದು ಎಲ್ಲರಿಗೂ: ರೇಶನ್ ಕಾರ್ಡಿನ ಫೋಟೋ, ಕಾಲೇಜಿನ ಅರ್ಜಿಯ ಫೋಟೋ, ಹೊಸದಾಗಿ ಮದುವೆಯಾದ ಜೋಡಿ. ನೀಲಿ ಪರದೆ ಸರಿಸಿ ಒಳಗೆ ಹೋದರೆ ಇನ್ನೊಂದು ಕೋಣೆ. ಅಲ್ಲಿ ಹೆಂಗಸರು ಮಾತ್ರ. ಹಜ್‌ಗೆ ಹೋಗುವ ಮುದುಕಿಯರು, ಬುರ್ಕಾ ತೆಗೆದು ಪಾಸ್‌ಪೋರ್ಟ್ ಫೋಟೋ ತೆಗೆಸುವವರು, ಗಂಡಸರ ಮುಂದೆ ಸೆರಗು ಇಳಿಸದ ದೊಡ್ಡ ಮನೆತನದ ಸೊಸೆಯರು, ಸುಮ್ಮನೆ ತನ್ನದೊಂದು ಫೋಟೋ ಬೇಕು ಅನ್ನಿಸಿ ಸಂತೆಯ ದಿನ ಕದ್ದು ಬಂದವರು. ಬಸವಕಲ್ಯಾಣದಿಂದ, ಚಿಟಗುಪ್ಪದಿಂದ, ಗಡಿಯಾಚೆಯ ಮರಾಠಿ ಹಳ್ಳಿಗಳಿಂದಲೂ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಆಪಾ ಅವರವರ ಭಾಷೆಯಲ್ಲೇ ಅವರವರ ಪಲ್ಯ ಕೇಳುತ್ತಿದ್ದರು.

ಆ ಒಳಕೋಣೆಗೆ ಒಂದು ಕಾನೂನು ಇತ್ತು. ಅಲ್ಲಿ ತೆಗೆದ ಚಿತ್ರದ ನೆಗೆಟಿವ್ ಸ್ಟುಡಿಯೋದಲ್ಲಿ ಉಳಿಯುವಂತಿಲ್ಲ. ಪ್ರಿಂಟುಗಳ ಜೊತೆ ಅದನ್ನೂ ಕತ್ತರಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿ, ಆ ಹೆಂಗಸಿನ ಕೈಗೇ ಕೊಡಬೇಕು. ಗಂಡ ಬಂದರೂ ಕೊಡುವಂತಿಲ್ಲ, ಅಣ್ಣ ಬಂದರೂ ಕೊಡುವಂತಿಲ್ಲ. “ಮುಖ ಅವರದು ಬೇಟಾ. ನಾವು ಬೆಳಕ ಅಷ್ಟ ಹಚ್ಚಿ ಕೊಡಾವ್ರು” ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ನಾನು ಅಲ್ಲಿಗೆ ಹೋದದ್ದು ಕಾಲೇಜಿನ ಅರ್ಜಿಗೆ ಫೋಟೋ ತೆಗೆಸಲು. ತೊಂಬತ್ತರ ದಶಕದ ನಡುವಿನ ಮಾತು. ಡಿಗ್ರಿಗೆಂದು ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಫೋಟೋ ಒಯ್ಯಲು ಬಂದ ದಿನ ಆಪಾ ಡಾರ್ಕ್‌ರೂಮಿನಲ್ಲಿದ್ದರು. “ಒಳಗ ಬಾ, ಬಾಗಿಲಾ ಹಾಕು” ಎಂದರು. ಕೆಂಪು ಬಲ್ಬಿನ ಬೆಳಕಿನಲ್ಲಿ, ನೀರಿನಂಥ ದ್ರಾವಣದಲ್ಲಿ ಬಿಳಿಯ ಕಾಗದ ತೇಲುತ್ತಿತ್ತು. ನೋಡುತ್ತಿದ್ದಂತೆ ಅದರಲ್ಲಿ ನನ್ನ ಹುಬ್ಬು ಬಂತು, ಕಣ್ಣು ಬಂದವು, ಜಡೆ ಬಂತು. ಮರುದಿನದಿಂದ ಕಾಲೇಜು ಬಿಟ್ಟ ಮೇಲೆ ನೇರ ಅಲ್ಲಿಗೇ ಹೋಗತೊಡಗಿದೆ. ಹೆಣ್ಣುಮಗಳ ಹತ್ತಿರ ಕಲಿಯುತ್ತಾಳೆ ಎಂದು ಮನೆಯಲ್ಲೂ ಬೇಡ ಅನ್ನಲಿಲ್ಲ.

ಕಲಿಸುವಾಗ ಆಪಾ ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಆ ಹಾಳಾದ ಪ್ರಿಂಟನ್ನು ನನ್ನ ಕೈಗೆ ಕೊಟ್ಟು, “ಇದರಾಗ ಏನ್ ಕಾಣವಲ್ದು ಹೇಳು” ಎನ್ನುತ್ತಿದ್ದರು. ಏನು ಕಾಣುತ್ತದೆ ಎಂದು ಕೇಳುತ್ತಿರಲಿಲ್ಲ. ಬಾಯಲ್ಲಿ ಸದಾ ಒಂದು ಏಲಕ್ಕಿ. ಕನ್ನಡಕಕ್ಕೆ ಕರಿಯ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು, ಆದರೂ ಹತ್ತು ಸಲ ಕನ್ನಡಕ ಹುಡುಕುತ್ತಿದ್ದರು. ಬೆರಳುಗಳ ತುದಿ ಫೋಟೋ ತೊಳೆಯುವ ಡೆವಲಪರ್, ಹೈಪೋ ದ್ರಾವಣಗಳಲ್ಲಿ ಅದ್ದಿ ಅದ್ದಿ ಕಂದಾಗಿದ್ದವು. ಈದ್ ದಿನ ಅವರು ಕೈಗೆ ಹಚ್ಚಿಕೊಂಡ ಮದರಂಗಿಯ ಬಣ್ಣಕ್ಕೂ ಆ ಕಂದಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಎರಡು ವರ್ಷದಲ್ಲಿ ಅವರ ಪ್ರಿಂಟಿನ ಕೆಲಸವನ್ನೆಲ್ಲ ನಾನೇ ಮಾಡುವಂತಾದೆ. ಆಪಾ ಡಾರ್ಕ್‌ರೂಮಿನ ಬೀಗದ ಕೈಯನ್ನೇ ನನಗೆ ಕೊಟ್ಟಿದ್ದರು.

*

ಆ ಹೆಣ್ಣುಮಗಳು ಬಂದದ್ದು ಒಂದು ಸಂತೆಯ ದಿನ. ಕೊಹಿನೂರ ಎಂಬ ಹಳ್ಳಿಯ, ಹೊಲಮನೆ ಇದ್ದ ಮನೆತನದ ಸೊಸೆ. ಇಪ್ಪತ್ತೈದರ ಒಳಗಿನ ವಯಸ್ಸು. ಹಣೆ ಖಾಲಿ, ಕೈ ಖಾಲಿ. ಒಳಕೋಣೆಗೆ ಬಂದು ಕೈಚೀಲದಿಂದ ಒಂದೊಂದೇ ತೆಗೆದಿಟ್ಟಳು: ಒಂದು ಡಜನ್ ಹಸಿರು ಬಳೆ, ಕುಂಕುಮದ ಡಬ್ಬಿ, ಎಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ, ಮದುವೆಯ ಸೀರೆ.

“ಮದುವ್ಯಾಗ ಫೋಟೋ ತೆಗಸಿದ್ದಿಲ್ರಿ” ಎಂದಳು. “ಅವರು ಹೋಗಿ ಎರಡು ವರ್ಷ ಆತು. ನನ್ನ ಮಗಳು ಮೂರು ವರ್ಷದಾಕಿ. ತಿಳುವಳಿಕಿ ಬಂದಾಗಿಂದ ನನ್ನ ಹಿಂಗ ನೋಡ್ಯಾಳ. ನಾಳಿಗಿ ದೊಡ್ಡಾಕಿ ಆದ ಮ್ಯಾಲ, ಅವ್ವ ಹಿಂಗೂ ಇದ್ದಳು ಅಂತ ತೋರಸಾಕ ಬೇಕ್ರಿ. ಯಾರಿಗೂ ಗೊತ್ತಾಗಬಾರದು.”

ಆಪಾ ಎದ್ದು ಹೋಗಿ ಹೊರಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬಂದರು. ಅವಳ ಬೈತಲೆ ತೆಗೆದು, ತಾವೇ ಜಡೆ ಹೆಣೆದರು. ಬಳೆ ಏರಿಸುವಾಗ ಅವಳ ಕೈಗೆ ಸೋಪು ಹಚ್ಚಿದರು. ಕುಂಕುಮವನ್ನು ಮಾತ್ರ ಅವಳ ಮುಂದೆ ಹಿಡಿದು, “ನೀವೇ ಹಚ್ಕೋರಿ” ಎಂದರು. ಅವಳು ಗೋಡೆಯ ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಹಚ್ಚಿಕೊಂಡಳು. ರೂಢಿ ತಪ್ಪಿದ ಬೆರಳಿಗೆ ಕುಂಕುಮ ಸ್ವಲ್ಪ ಓರೆಯಾಯಿತು. ಆಪಾ ಒರೆಸಲು ಹೋಗಲಿಲ್ಲ.

ಕಿಟಕಿಯ ಬೆಳಕು ಅವಳ ಒಂದು ಕೆನ್ನೆಗೆ ಮಾತ್ರ ಬೀಳುತ್ತಿತ್ತು. ಇನ್ನೊಂದು ಕೆನ್ನೆಗೆ ಬೆಳಕು ತಿರುಗಿಸಲು ನಾನು ಬಿಳಿಯ ಪಂಚೆಯೊಂದನ್ನು ಅಗಲಿಸಿ ಹಿಡಿದು ನಿಂತೆ. ಅವತ್ತು ಆಪಾ ಪಲ್ಯದ ಮಾತು ಕೇಳಲಿಲ್ಲ.

“ಮಗಳು ಏನೇನ್ ಮಾತಾಡತಾಳ?” ಎಂದರು.

“ಎಲ್ಲಾ ಮಾತಾಡತಾಳ್ರಿ. ನನ್ನ ಹೆಸರು ಹಿಡದು ಕರೀತಾಳ, ಅವ್ವಾ ಅನ್ನಂಗಿಲ್ಲ” ಎಂದು ಅವಳು ಹೇಳಿ ಮುಖ ಎತ್ತಿದಳು. ಟಿಕ್.

ಮರುದಿನ ಡಾರ್ಕ್‌ರೂಮಿನಲ್ಲಿ ಆ ಮುಖ ಕಾಗದದ ಮೇಲೆ ಬಂದಾಗ ನಾನು ಟ್ರೇ ಅಲುಗಿಸುವುದನ್ನೇ ಮರೆತೆ. ಅಂಥ ಚಿತ್ರ ಆ ಸ್ಟುಡಿಯೋದಲ್ಲಿ ನಾನು ನೋಡಿರಲಿಲ್ಲ. ಅವಳು ಹೇಳಿದ್ದು ಎರಡು ಸಣ್ಣ ಪ್ರಿಂಟು. ಎರಡನ್ನೂ ಹಾಕಿದೆ. ಆಮೇಲೆ ದೊಡ್ಡ ಕಾಗದ ತೆಗೆದು ಮೂರನೆಯದೊಂದು ಹಾಕಿದೆ. ಆಪಾ ಹೊರಗೆ ಗಿರಾಕಿಯ ಜೊತೆ ಮಾತಾಡುತ್ತಿದ್ದರು. ಒಣಗಿದ ಮೇಲೆ ಅದನ್ನು ನೋಟ್‌ಬುಕ್ಕಿನ ನಡುವೆ ಇಟ್ಟು ಮನೆಗೆ ಒಯ್ದೆ. ನೆಗೆಟಿವ್ ಮತ್ತು ಎರಡು ಪ್ರಿಂಟನ್ನು ಆಪಾ ಮುಂದಿನ ಸಂತೆಗೆ ಅವಳ ಕೈಗೆ ಕೊಟ್ಟರು.

ನೋಡಿಕೊಳ್ಳಲಿಕ್ಕೆಂದು ಒಯ್ದೆ, ಕಲಿಯಲಿಕ್ಕೆಂದು ಒಯ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬಸವಕಲ್ಯಾಣದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಛಾಯಾಚಿತ್ರ ಪ್ರದರ್ಶನ ಇದೆ ಎಂದು ನನಗೆ ಅಷ್ಟೊತ್ತಿಗೆ ಗೊತ್ತಿತ್ತು.

ಚಿತ್ರದ ಜೊತೆ ಒಂದು ಪುಟ ಬರೆದುಕೊಡಬೇಕಿತ್ತು: ನಿಮ್ಮ ಹಿಂದಿನ ಕೆಲಸ, ನಿಮ್ಮ ಮೇಲಿನ ಪ್ರಭಾವ, ನಿಮ್ಮ ಗುರಿ. ಪ್ರಭಾವದ ಕೆಳಗೆ ನಾನು ಲೈಬ್ರರಿಯ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಕಂಡ ಮೂರು ಪರದೇಶಿ ಹೆಸರು ಬರೆದೆ. ಅವರ ಒಂದು ಚಿತ್ರವನ್ನೂ ಸರಿಯಾಗಿ ನೋಡಿರಲಿಲ್ಲ. ಆಪಾ ಹೆಸರು ಬರೆಯಲು ಪೆನ್ನು ಏಳಲಿಲ್ಲ. ಪಾಸ್‌ಪೋರ್ಟ್ ಫೋಟೋ ತೆಗೆಯುವ ಹೆಂಗಸೊಬ್ಬಳ ಹೆಸರು ನೋಡಿ ತೀರ್ಪುಗಾರರು ಏನಂದಾರು ಎಂದು ನಾಚಿಕೆಯಾಗಿತ್ತು. ಚಿತ್ರಕ್ಕೆ ‘ಸೌಭಾಗ್ಯ’ ಎಂದು ಹೆಸರಿಟ್ಟೆ. ಗಂಡ ಸತ್ತವಳ ಚಿತ್ರಕ್ಕೆ ಆ ಹೆಸರಿಟ್ಟು, ಬಹಳ ಜಾಣತನ ಮಾಡಿದೆ ಅಂದುಕೊಂಡೆ.

*

ಪ್ರದರ್ಶನದ ಕೊನೆಯ ದಿನ ಮಧ್ಯಾಹ್ನ ಆಪಾ ಬಂದರು. ನಾನು ಕರೆದಿರಲಿಲ್ಲ. ಯಾರಿಂದಲೋ ಕೇಳಿ, ತಮ್ಮ ಶಿಷ್ಯೆಯ ಚಿತ್ರ ನೋಡಲು ಸ್ಟುಡಿಯೋ ಮುಚ್ಚಿ ಬಸ್ಸು ಹತ್ತಿ ಬಂದಿದ್ದರು. ಕೈಯಲ್ಲಿ ಪೇಡೆಯ ಪೊಟ್ಟಣ. ದೂರದಿಂದಲೇ ನನ್ನ ನೋಡಿ ನಕ್ಕರು. “ಎಲ್ಲದ ನಿಂದು?” ಎಂದರು. ನಾನು ತೋರಿಸಲಿಲ್ಲ. ಅವರೇ ಸಾಲಾಗಿ ಒಂದೊಂದೇ ಚಿತ್ರ ನೋಡುತ್ತ ಬಂದರು. ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು, ಹುಡುಗರು ತೆಗೆದ ಬೀದರದ ಕೋಟೆ, ಎತ್ತಿನ ಗಾಡಿ, ಮಳೆಯ ಮೋಡ ಎಲ್ಲವನ್ನೂ ಮನಸ್ಸಿಟ್ಟು ನೋಡಿದರು.

ಆ ಚಿತ್ರದ ಮುಂದೆ ಬಂದು ನಿಂತರು. ಕೆಳಗಿದ್ದ ನನ್ನ ಹೆಸರನ್ನು, ‘ಸೌಭಾಗ್ಯ’ ಎನ್ನುವುದನ್ನು ಕೂಡಿಸಿ ಕೂಡಿಸಿ ಓದಿದರು. ಅವರಿಗೆ ಉರ್ದು ಓದಿದಷ್ಟು ಸಲೀಸಾಗಿ ಕನ್ನಡ ಬರುತ್ತಿರಲಿಲ್ಲ. ನಾನು ಪಕ್ಕಕ್ಕೆ ಹೋದೆ. ‘ಇದು ನಾ ತೆಗೆದದ್ದು’ ಎಂದು ಅವರು ಜಗಳಕ್ಕೆ ಬರುತ್ತಾರೆ ಎಂದೇ ನನ್ನ ಹೆದರಿಕೆ.

ಅವರು ಆ ಮಾತೇ ಎತ್ತಲಿಲ್ಲ. ದನಿ ತಗ್ಗಿಸಿ, “ಬೇಟಾ, ಇದನ್ನ ಇಳಸು” ಎಂದರು.

“ಆಪಾ, ಸಂಜೀಗಿ ಬಹುಮಾನ ಕೊಡತಾರ.”

“ಈಗ ಇಳಸು. ಆಕಿ ಊರಿನ ಮಂದಿ ದಿನಾ ಈ ಊರಿಗೆ ಬರತಾರ.”

“ಇನ್ನ ಎರಡು ತಾಸು ಆಪಾ. ಮುಗದ ಕೂಡಲೆ ನಾನೇ ಇಳಸ್ತೀನಿ. ಆಣಿ ಮಾಡತೀನಿ.”

ಆಪಾ ನನ್ನ ಮುಖ ನೋಡಿದರು. ಅವರೇ ಕೈ ಎತ್ತಿ ಅದನ್ನು ಇಳಿಸಬಹುದಿತ್ತು. ಇಳಿಸಿದರೆ ಸುತ್ತಲಿನ ಮಂದಿ ಬಂದು ಯಾಕೆಂದು ಕೇಳುತ್ತಿದ್ದರು. ಕೇಳಿದರೆ ಆ ಹೆಣ್ಣುಮಗಳ ಮಾತು ಬರುತ್ತಿತ್ತು. ಅದನ್ನೆಲ್ಲ ಅವರು ಲೆಕ್ಕ ಹಾಕಿದ್ದು ನನಗೆ ಕಂಡಿತು. ಪೇಡೆಯ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು, “ಮುಗದ ಕೂಡಲೆ” ಎಂದು ಹೇಳಿ ಹೋದರು.

ಸಂಜೆ ಮೊದಲ ಬಹುಮಾನ ನನಗೇ ಬಂತು. ಶೀಲ್ಡು ಕೊಡುವಾಗ ಚಿತ್ರವನ್ನೂ ಎತ್ತಿ ಹಿಡಿಯಲು ಹೇಳಿದರು. ಪತ್ರಿಕೆಯವರು ಬಂದಿದ್ದರು. ನಾನು ಎತ್ತಿ ಹಿಡಿದೆ. ಎರಡು ದಿನ ಬಿಟ್ಟು ಅದು ಜಿಲ್ಲೆಯ ಪುಟದಲ್ಲಿ ಬಂತು: ಒಂದು ಕೈಯಲ್ಲಿ ಶೀಲ್ಡು, ಇನ್ನೊಂದು ಕೈಯಲ್ಲಿ ಅವಳು.

*

ವಾರದೊಳಗೆ ಕೊಹಿನೂರದಿಂದ ಮೂವರು ಗಂಡಸರು ಹುಮನಾಬಾದಿನ ಸ್ಟುಡಿಯೋಕ್ಕೆ ಬಂದರು. ಅವಳ ಭಾವ, ಮತ್ತೆ ಊರ ಹಿರಿಯರಿಬ್ಬರು. ನಾನು ಡಾರ್ಕ್‌ರೂಮಿನಲ್ಲಿದ್ದೆ. ಕೈ ಹೈಪೋದಲ್ಲಿತ್ತು. ಬಾಗಿಲ ಆಚೆಗೆ ಪ್ರತಿ ಮಾತೂ ಕೇಳುತ್ತಿತ್ತು.

“ನಿಮ್ಮ ಅಂಗಡಿ ಅಂತ ನಮ್ಮ ಮನಿ ಸೊಸಿ ಹೇಳ್ಯಾಳ. ಇದು ಇಲ್ಲೇ ತೆಗದದ್ದೇನ್ರಿ?” ಪತ್ರಿಕೆ ಮೇಜಿನ ಮೇಲೆ ಬಿದ್ದ ಸಪ್ಪಳ.

“ಹೌದ್ರಿ.”

“ಪೇಪರಿನ್ಯಾಗ ಈ ಹುಡುಗಿ ಹೆಸರದ ಅಲಾ, ಆಕಿ ಎಲ್ಲಿ?”

“ಬಂದಿಲ್ರಿ” ಎಂದರು ಆಪಾ. “ಆಕಿ ಕಲಿಯಾಕ ಬರಾಕಿ. ಆಕೀಗೇನೂ ಗೊತ್ತಿಲ್ಲ. ಫೋಟೋ ತೆಗದಾಕಿ ನಾನು. ಅಲ್ಲಿ ಇಡು ಅಂತ ಕೊಟ್ಟಾಕಿನೂ ನಾನು. ತಪ್ಪು ನಂದು.”

“ಹೆಣ್ಮಕ್ಕಳು ನಿಮ್ಮ ಮ್ಯಾಲ ಇಟ್ಟ ನಂಬಿಕಿ ಇದೇನ್ರಿ?”

ಆಪಾ ಕುರ್ಚಿ ಸರಿಸಿ ಎದ್ದ ಸಪ್ಪಳ.

“ನಮ್ಮ ಮನಿ ಮಾನ ಊರ ಮುಂದ ಹೋತು. ಇನ್ನ ನಿಮ್ಮ ಪರದೆ ಹಿಂದ ಯಾವ ಮನಿ ಹೆಣ್ಮಗಳು ಬರತಾಳ ನೋಡತೀವಿ.”

ಬಾಗಿಲಿಗೂ ನನಗೂ ನಡುವೆ ಎರಡು ಹೆಜ್ಜೆ. ಚಿಲಕ ತೆಗೆದು ‘ನಾನು ಇಲ್ಲಿದ್ದೀನಿ, ಕದ್ದಾಕಿ ನಾನು’ ಎಂದರೆ ಮುಗಿಯುತ್ತಿತ್ತು. ಕೈ ಹೈಪೋದಿಂದ ಮೇಲೇಳಲಿಲ್ಲ. ಅವರು ಹೋದ ಸಪ್ಪಳ ಕೇಳಿತು. ಆಮೇಲೂ ಎಷ್ಟೋ ಹೊತ್ತು ನಾನು ಹೊರಗೆ ಬರಲಿಲ್ಲ. ಬಂದಾಗ ಆಪಾ ಆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಡಚಿ ಖಾನೆಯಲ್ಲಿ ಇಡುತ್ತಿದ್ದರು. ನನಗೆ ಬೈಯಲಿ ಎಂದು ಕಾದೆ. ಅವರು, “ಬಸ್ಸಿಗೆ ಹೊತ್ತಾತು, ನಡಿ” ಎಂದರು. ಮರುದಿನ ಡಾರ್ಕ್‌ರೂಮಿನ ಬೀಗದ ಕೈ ಕೊಡು ಎಂದು ಕೇಳಿ ಇಸಿದುಕೊಂಡರು. ನಾನು ಹೋಗುವುದನ್ನು ನಿಲ್ಲಿಸಿದೆ.

ಒಳಕೋಣೆಗೆ ಹೆಂಗಸರು ಬರುವುದು ನಿಂತಿತು. ಒಬ್ಬರಿಂದ ಒಬ್ಬರಿಗೆ ಮಾತು ಹೋಯಿತು: ಅಲ್ಲಿ ತೆಗೆಸಿದ್ದು ಪೇಪರಿಗೆ ಹೋಗುತ್ತದೆ. ಹೊರಗಿನ ಕೋಣೆಯ ಗಿರಾಕಿಗಳನ್ನು ಹೊಸ ಕಲರ್ ಲ್ಯಾಬು ಎಳೆದುಕೊಂಡಿತು. ಎರಡು ವರ್ಷದಲ್ಲಿ ಆಪಾ ಸ್ಟುಡಿಯೋ ಮುಚ್ಚಿದರು. ಆಗ ನಾನು ಗುಲಬರ್ಗಾದ ಕಲಾ ಶಾಲೆಯೊಂದರಲ್ಲಿದ್ದೆ. ಅಲ್ಲಿನ ಪ್ರವೇಶದ ಸಂದರ್ಶನದಲ್ಲಿ ನಾನು ತೋರಿಸಿದ್ದು ಆ ಚಿತ್ರವನ್ನೇ. “ಈ ಬೆಳಕು ಹೇಗೆ ಸಾಧಿಸಿದಿ?” ಎಂದು ಕೇಳಿದರು. ಬಿಳಿಯ ಪಂಚೆಯ ಕಥೆ ಹೇಳಿದೆ. ಪಂಚೆ ಹಿಡಿದವಳು ನಾನಾಗಿದ್ದರಿಂದ ಅದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

*

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ, ಊರಿಗೆ ವಾಪಸು ಬಂದು ತರಗತಿ ಶುರು ಮಾಡಿದ ಹೊಸದರಲ್ಲಿ, ಆಪಾ ಅವರನ್ನು ನೋಡಲು ಹೋದೆ. ತಂಗಿಯ ಮನೆಯ ಪಡಸಾಲೆಯಲ್ಲಿ ಕೂತು, ಬೇರೆ ಸ್ಟುಡಿಯೋದವರು ಕಳಿಸಿದ ಹಳೆಯ, ಹರಿದ ಫೋಟೋಗಳಿಗೆ ಕುಂಚದಿಂದ ತೇಪೆ ಹಚ್ಚುತ್ತಿದ್ದರು. ಆ ಕೆಲಸವನ್ನೂ ಕಂಪ್ಯೂಟರು ಕಸಿದುಕೊಳ್ಳತೊಡಗಿತ್ತು. ನನ್ನ ಹೆಗಲ ಮೇಲಿನ ಡಿಜಿಟಲ್ ಕ್ಯಾಮೆರಾ ನೋಡಿ, “ಕೊಡು ನೋಡೂಣು” ಎಂದರು. ತಂಗಿಯನ್ನು ಕೂಡಿಸಿ, ಏನು ಅಡುಗೆ ಎಂದು ಕೇಳಿ, ಒಂದು ಚಿತ್ರ ತೆಗೆದರು. ತೆಗೆದ ಕೂಡಲೇ ಹಿಂದಿನ ಪರದೆಯಲ್ಲಿ ಕಂಡ ಮುಖ ನೋಡಿ ಬಾಯಿ ತೆರೆದು ನಕ್ಕರು.

ತಂಗಿ ಚಹಾ ತರಲು ಒಳಗೆ ಹೋದಾಗ ನಾನು ಅವರ ಕಾಲು ಹಿಡಿದೆ. “ಆಪಾ, ತಪ್ಪ ಆತು.”

ಅವರು ಕಾಲು ಹಿಂದೆ ತೆಗೆದುಕೊಂಡರು. “ನನಗ್ಯಾಕ ಹೇಳತಿ ಬೇಟಾ? ನನಗ ಅವತ್ತೇ ಗೊತ್ತಿತ್ತಲಾ. ಗೊತ್ತಿಲ್ದಾಕಿ ಆಕಿ. ನಾನೇ ಮಾಡೀನಿ ಅಂತ ಇನ್ನಾ ತಿಳ್ಕೊಂಡಾಳ. ನಾರಾಯಣಪುರದಾಗ ತವರಮನ್ಯಾಗ ಇರತಾಳ. ಆಕೀಗಿ ಹೋಗಿ ಹೇಳು.”

“ನೀವೇ ಹೇಳಬಹುದಾಗಿತ್ತಲಾ ಆಪಾ.”

“ನಿನ್ನ ಮಾತು ನಾ ಹ್ಯಾಂಗ ಹೇಳಲಿ?” ಎಂದರು. “ನೀ ಹೇಳಿದ್ರ ಆಕಿ ಒಮ್ಮೆ ನನ್ನ ಮನೀಗಿ ಬರತಾಳ. ಅಷ್ಟ ಸಾಕು.”

“ಹೋಗತೀನಿ” ಎಂದೆ.

ಹೋಗಲಿಲ್ಲ. ನಾರಾಯಣಪುರ ನಮ್ಮೂರಿನಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಶಿವನ ಗುಡಿಯ ಕಲ್ಲಿನ ಕೆತ್ತನೆ ತೆಗೆಯಲು ಪ್ರತಿವರ್ಷ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಮುಂಜಾನೆಯ ಬೆಳಕು ಕಲ್ಲಿನ ಮುಖದ ಮೇಲೆ ಹೇಗೆ ಸರಿಯುತ್ತದೆ ನೋಡಿರಿ ಎಂದು ಪಾಠ ಹೇಳಿದೆ. ಗುಡಿಯ ಹಿಂದಿನ ಓಣಿಗೆ ಮಾತ್ರ ತಿರುಗಲಿಲ್ಲ. ಪ್ರತಿ ಸಲವೂ ಮುಂದಿನ ಸಲ ಅಂದುಕೊಂಡು ಬಂದೆ. ಹೀಗೆ ಐದಾರು ವರ್ಷ.

*

ಆಪಾ ತೀರಿಕೊಂಡ ಸುದ್ದಿ ಬಂದ ಮರುದಿನ ತರಗತಿಯ ಗೋಡೆಯಿಂದ ಆ ಚಿತ್ರ ಇಳಿಸಿ, ಕಾಗದದಲ್ಲಿ ಸುತ್ತಿ ನಾರಾಯಣಪುರಕ್ಕೆ ಹೋದೆ.

ಅವಳು ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. “ಯಾರು ಬೇಕಾಗಿತ್ರಿ?” ಎಂದಳು. ಸ್ಟುಡಿಯೋದ ಹುಡುಗಿ ನಾನು ಎಂದೆ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. “ಪಂಚಿ ಹಿಡ್ಕೊಂಡು ನಿಂತಿದ್ರಿ” ಎಂದಳು. ಕೂಡ್ರಿ ಎನ್ನಲಿಲ್ಲ.

“ಆಪಾ ಹೋದ್ರಿ” ಎಂದೆ.

ಚಕ್ರದ ಮೇಲಿನ ಕೈ ನಿಂತಿತು. “ನನಗ್ಯಾಕ ಹೇಳಾಕ ಬಂದೀರಿ?” ಎಂದಳು. “ಅವರ ದೆಸಿಂದ ನನ್ನ ಮನೀ ಬಿಡಿಸಿದ್ರು. ಎರಡೂ ಫೋಟೋ, ಆ ಕರೀ ರೀಲು, ಎಲ್ಲಾ ಒಲ್ಯಾಗ ಹಾಕಿದ್ರು. ಮಗಳನ್ನ ನಾಕು ವರ್ಷ ತೋರಸಲಿಲ್ಲ. ಏಳು ವರ್ಷದಾಕಿ ಆಗಿ ನನ್ನ ಹತ್ರ ಬಂದಾಗ ಆಕೀಗಿ ನನ್ನ ಗುರುತ ಇದ್ದಿಲ್ಲ.”

ನಿಂತಲ್ಲೇ ಎಲ್ಲ ಹೇಳಿದೆ. ಮೂರನೆಯ ಪ್ರಿಂಟು, ಪ್ರದರ್ಶನ, ಇಳಸು ಎಂದದ್ದು, ಡಾರ್ಕ್‌ರೂಮಿನ ಬಾಗಿಲು. ಮುಗಿದ ಮೇಲೆ ಒಂದೇ ಮಾತನ್ನು ಎರಡು ಸಲ ಕೇಳಿದಳು.

“ಕೊಟ್ಟಾಕಿ ಅವರಲ್ಲ?”

“ಅಲ್ರಿ. ನಾನು.”

“ಅವರಲ್ಲ?”

“ಅಲ್ರಿ.”

ಕೈ ಚಾಚಿದಳು. ಕಾಗದ ಬಿಚ್ಚಿ ಚಿತ್ರ ಕೊಟ್ಟೆ. ಓರೆಯಾದ ಕುಂಕುಮವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. “ಇದನ್ನ ಎಷ್ಟು ಮಂದಿ ನೋಡ್ಯಾರ?” ಎಂದಳು. ಪ್ರದರ್ಶನದ ಮಂದಿ, ಪತ್ರಿಕೆ ಓದಿದವರು, ಕಲಾ ಶಾಲೆಯವರು, ವರ್ಷ ವರ್ಷದ ನನ್ನ ಹುಡುಗ ಹುಡುಗಿಯರು. ಅವಳ ಮಗಳೊಬ್ಬಳನ್ನು ಬಿಟ್ಟು ಎಲ್ಲರೂ ನೋಡಿದ್ದರು.

ಅವಳು ಚಿತ್ರವನ್ನು ಯಂತ್ರದ ಮೇಲೆ ಬೋರಲು ಇಟ್ಟಳು. “ಹ್ವಾದ ವರ್ಷ ಆಪಾ ಕಲ್ಯಾಣದ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ರು” ಎಂದಳು. “ನನ್ನ ನೋಡಿ ಕಷ್ಟಪಟ್ಟು ಎ‍ದ್ದು ನನ್ನ ಕಡಿ ಬಂದ್ರು. ಹತ್ರ ಬರೂ ತನಕಾ ಬಿಟ್ಟು, ಮಾರಿ ತಿರುವಿ ಬಸ್ಸ ಹತ್ತಿದ್ನಿ.”

ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅಲ್ಲಿಯತನಕ ‘ರಿ’ ಹಚ್ಚಿ ಮಾತಾಡುತ್ತಿದ್ದವಳು, “ಅವರ ಮನಿ ತೋರಸು ನಡಿ” ಎಂದಳು. “ದಾರ್ಯಾಗ ನನ್ನ ಜೋಡಿ ಮಾತಾಡಬ್ಯಾಡ.”

ಹುಮನಾಬಾದಿನ ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ಎರಡು ಸೀಟು ಹಿಂದೆ. ಇಳಿದು ಓಣಿ ತೋರಿಸಿದೆ. ಬಾಗಿಲು ತೆರೆದ ಆಪಾ ಅವರ ತಂಗಿಗೆ ಅವಳು, “ನಾ ಕೊಹಿನೂರದಾಗ ಇದ್ದಾಕ್ರಿ, ಫೋಟೋದಾಕಿ” ಎಂದಳು. ತಂಗಿ, “ಬರ್ರಿ. ಭಾಳ ದಾರಿ ನೋಡಿದ್ಳು ನಮ್ಮ ಆಪಾ” ಎಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಅವಳ ಚಪ್ಪಲಿಯ ಪಕ್ಕ ನನ್ನ ಚಪ್ಪಲಿ ಬಿಡಲು ಬಗ್ಗಿದವಳು, ಮತ್ತೆ ಮೆಟ್ಟಿಕೊಂಡು ಹೊರಗೇ ನಿಂತೆ.

ಒಳಗೆ ಅಳುವ ದನಿ ಬಂತು. ಆಮೇಲೆ ಮಾತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಹೆಸರು ಕೇಳಿಸಿತು. ಕರೆಯುತ್ತಿದ್ದಾರೆಂದು ಒಂದು ಹೆಜ್ಜೆ ಮುಂದಿಟ್ಟೆ. ಕರೆಯುತ್ತಿರಲಿಲ್ಲ. ಯಾರು ಮಾಡಿದ್ದೆಂದು ಅವಳು ಆಪಾ ಅವರ ತಂಗಿಗೆ ಹೇಳುತ್ತಿದ್ದಳು.